ಚಳಿಗೆ ಸ್ಟಾರ್ಟಾಗದ ಲಾರಿ: ಬಳ್ಳಾರಿಯ ಮೇಸ್ತ್ರಿ ಕಲಿಸಿದ ಪಾಠ



ಡಿಸೆಂಬರ್-ಜನವರಿಯ ಬೆಳಗು ನಮ್ಮ ತೋಟಗಾರರಿಗೆ ಎಷ್ಟು ಬಿಡುವಿಲ್ಲದ ಹೊತ್ತು ಎಂಬುದನ್ನು ನಿಮಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಒಂದು ಕಡೆ ಕಾಫಿ ಹಣ್ಣಿನ ಕೊಯ್ಲು, ಇನ್ನೊಂದು ಕಡೆ ಅಡಕೆ ಕೊನೆ ಇಳಿಸುವ ಕೆಲಸ. ಆಳು ಸಿಕ್ಕ ದಿನ ಗಾಡಿ ಇರುವುದಿಲ್ಲ, ಗಾಡಿ ಇದ್ದ ದಿನ ಆಳು ಇರುವುದಿಲ್ಲ. ಎರಡೂ ಕೂಡಿಬಂದ ದಿನ ಬೆಳಗಿನ ಆರು ಗಂಟೆಗೆ ಲಾರಿ ಸ್ಟಾರ್ಟಾಗುವುದಿಲ್ಲ. ಆಗ ನಮ್ಮೆಲ್ಲರ ಬಾಯಿಂದ ಬರುವ ಮಾತು ಒಂದೇ: "ಚಳಿ ಜಾಸ್ತಿ, ಎಂಜಿನ್ ಹಿಡಿದುಕೊಂಡಿದೆ."

ಈ ಮಾತನ್ನು ನಾವೂ ಎರಡು ಹಂಗಾಮು ನಂಬಿದ್ದೆವು. ಅದರಿಂದ ಸಂಘಕ್ಕೆ ಆದ ನಷ್ಟ, ಕೂದಲೆಳೆಯಲ್ಲಿ ತಪ್ಪಿದ ಅನಾಹುತ, ತಪ್ಪಿಲ್ಲದ ಚಾಲಕನ ಮೇಲೆ ನಾವು ಹೊರಿಸಿದ ಅಪವಾದ, ಕೊನೆಗೆ ಬಳ್ಳಾರಿಯಲ್ಲಿ ನಮಗಾದ ಜ್ಞಾನೋದಯ, ಇವೆಲ್ಲವನ್ನೂ ಮುಚ್ಚುಮರೆಯಿಲ್ಲದೆ ಇಲ್ಲಿ ಬರೆಯುತ್ತಿದ್ದೇವೆ. ಸ್ವಂತ ಲಾರಿ ಇಲ್ಲದ ಸದಸ್ಯರೂ ಓದಬೇಕು. ಪಿಕಪ್, ಜೀಪು, ಟ್ರ್ಯಾಕ್ಟರ್, ಪಲ್ಪರಿಗೆ ಕಟ್ಟಿದ ಡೀಸೆಲ್ ಎಂಜಿನ್, ಎಲ್ಲದರ ಸ್ವಭಾವವೂ ಹೆಚ್ಚು ಕಡಿಮೆ ಒಂದೇ.

ಇಳಿಜಾರಿನ ಆ ಬೆಳಗು

ಸಂಘದ ಲಾರಿ ಹಳೆಯದು. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆಗೆ ತಡೆ ಹಾಕಿದ ಮೇಲೆ ಆ ಕಡೆ ಸಾಲುಸಾಲಾಗಿ ಲಾರಿಗಳು ಕೆಲಸವಿಲ್ಲದೆ ನಿಂತದ್ದನ್ನು ಹಲವರು ಬಲ್ಲಿರಿ. ಹಾಗೆ ನಿಂತ ಲಾರಿಗಳಲ್ಲೊಂದು ಕೈಯಿಂದ ಕೈಗೆ ದಾಟಿ ನಮ್ಮ ಸಂಘಕ್ಕೆ ಬಂತು. ಹಳೆಯ ಮಾದರಿಯ ಯಾಂತ್ರಿಕ ಡೀಸೆಲ್ ಪಂಪು, ಹನ್ನೆರಡು ವೋಲ್ಟಿನ ಎರಡು ಬ್ಯಾಟರಿ ಸೇರಿ 24 ವೋಲ್ಟು, ಗಾಳಿ ಬ್ರೇಕು. ಗಟ್ಟಿ ಗಾಡಿ, ಹಗಲಿನಲ್ಲಿ ಒಂದು ದಿನವೂ ಕೈಕೊಟ್ಟದ್ದಿಲ್ಲ.

ಆದರೆ ಚಳಿಗಾಲದ ಬೆಳಗು ಬಂದಿತೆಂದರೆ ಅದರ ರಾಗವೇ ಬೇರೆ. ಕೀ ತಿರುಗಿಸಿದರೆ ಸೆಲ್ಫ್ ನಿಧಾನವಾಗಿ ನರಳುತ್ತಿತ್ತು. ಒಮ್ಮೊಮ್ಮೆ ಚೆನ್ನಾಗಿ ತಿರುಗಿದರೂ ಎಂಜಿನ್ ಹತ್ತುತ್ತಿರಲಿಲ್ಲ. ಕಳೆದ ಹಂಗಾಮಿನ ಡಿಸೆಂಬರಿನಲ್ಲಿ ಒಂದು ದಿನ ಕಣದ ಉಷ್ಣಮಾಪಕ 11 ಡಿಗ್ರಿ ತೋರಿಸುತ್ತಿತ್ತು. ಹಿಂದಿನ ಸಂಜೆ ಏಳು ಮಂದಿ ಸಣ್ಣ ಹಿಡುವಳಿದಾರರು ಕೊಯ್ದಿಟ್ಟ ಹಣ್ಣು ಪಲ್ಪರಿಗೆ ಸೇರಬೇಕಾಗಿತ್ತು. ಕೊಯ್ದ ಹಣ್ಣು ಅದೇ ದಿನ ಪಲ್ಪರಿಗೆ ಬೀಳಬೇಕು, ಮೂಟೆಯಲ್ಲೇ ಬಿಸಿಯೇರಿ ಹುಳಿತರೆ ಬೀಜಕ್ಕೆ ವಾಸನೆ ಹಿಡಿಯುತ್ತದೆ ಎಂಬುದು ನಮಗೆಲ್ಲ ಗೊತ್ತು. ಆಗಲೇ ಒಂದು ರಾತ್ರಿ ತಡವಾಗಿತ್ತು.

ಲಾರಿ ಸ್ಟಾರ್ಟಾಗಲಿಲ್ಲ. "ಇಳಿಜಾರಿಗೆ ಬಿಟ್ಟು ಗೇರಿನಲ್ಲಿ ಎತ್ತು" ಎಂದು ಹೇಳಿದವರು ನಾವೇ. ಚಾಲಕ ಒಪ್ಪಲಿಲ್ಲ. "ಸಾರ್, ಗಾಳಿ ಟ್ಯಾಂಕಿನಲ್ಲಿ ಮುಳ್ಳು ಕೆಳಗಿದೆ. ಅಲ್ಲದೆ ಇದು ಚಳಿಯಲ್ಲ, ಡೀಸೆಲ್ ಲೈನು ಏರ್ ತಗೊಳ್ತಿದೆ ಅಂತ ಕಾಣ್ತದೆ" ಎಂದ. ಹಣ್ಣು ಹಾಳಾಗುವ ಆತುರದಲ್ಲಿ ನಾವು ಅವನ ಮಾತಿಗೆ ಕಿವಿಗೊಡಲಿಲ್ಲ. ಲಾರಿ ಇಳಿಯಿತು. ಗೇರು ಹಾಕಿದ, ಎಂಜಿನ್ ಹತ್ತಲಿಲ್ಲ. ಬ್ರೇಕು ಎರಡು ಸಲ ತುಳಿಯುವಷ್ಟರಲ್ಲಿ ಇದ್ದ ಗಾಳಿಯೂ ಮುಗಿಯಿತು. ಕೆಳಗೆ ಲೈನ್ ಮನೆಗಳು, ಅಂಗಳದಲ್ಲಿ ಕೆಲಸಕ್ಕೆ ಹೊರಟು ನಿಂತ ಹೆಂಗಸರು. ಚಾಲಕ ಸ್ಟಿಯರಿಂಗನ್ನು ಎಡಕ್ಕೆಳೆದು ಲಾರಿಯನ್ನು ಬರೆಗೆ ಒರಗಿಸಿ ನಿಲ್ಲಿಸಿದ. ಬಂಪರು, ಒಂದು ದೀಪ, ಎರಡು ಸಿಲ್ವರ್ ಗಿಡ ಹೋದವು. ಮನುಷ್ಯರಿಗೆ ಏನೂ ಆಗಲಿಲ್ಲ.

ಮುಂದೆ ನಡೆದದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಆ ವಾರದ ಸಭೆಯಲ್ಲಿ "ಚಾಲಕನ ಅಜಾಗರೂಕತೆಯಿಂದ ವಾಹನಕ್ಕೆ ಹಾನಿ" ಎಂದು ನಡಾವಳಿ ಪುಸ್ತಕದಲ್ಲಿ ಬರೆದೆವು. ಅವನ ಸಂಬಳದಿಂದ ಕಂತಿನ ಮೇಲೆ ಹಣ ಮುರಿಯುವುದೆಂದೂ ಆಯಿತು. ಹತ್ತಿರದ ಒಂದು ಗ್ಯಾರೇಜಿನವರು ಗಾಡಿಯ ಸದ್ದು ಕೇಳಿದ ಮಾತ್ರಕ್ಕೆ "ಎಂಜಿನ್ ಸವೆದಿದೆ, ಬೋರು ಮಾಡಿಸಬೇಕು" ಎಂದು ಒಂದೂವರೆ ಲಕ್ಷದ ಅಂದಾಜು ಕೊಟ್ಟರು. ಲಾರಿ ಮಾರುವುದೋ, ಸಾಲ ಮಾಡಿ ಎಂಜಿನ್ ಬಿಚ್ಚಿಸುವುದೋ ಎಂಬ ಪ್ರಶ್ನೆ ಮಂಡಳಿಯ ಮುಂದೆ ಬಂತು. ಅಷ್ಟರಲ್ಲಿ ಕುರಿಗೊಬ್ಬರ ತರುವ ಹೊತ್ತಾಯಿತು.

ಸಿರುಗುಪ್ಪದಲ್ಲಿ ಎರಡನೆಯ ಬೆಳಗು

ನಮ್ಮ ಅಡಕೆ ತೋಟಗಳಿಗೂ ಕಾಫಿ ತೋಟಗಳಿಗೂ ಬಯಲುಸೀಮೆಯ ಕುರಿಗೊಬ್ಬರ ಬರುವುದು ಹೊಸದಲ್ಲ. ಬಳ್ಳಾರಿ ಕುರಿ ಎಂಬ ತಳಿಯೇ ಇರುವಾಗ ಆ ಸೀಮೆಯ ಗೊಬ್ಬರದ ವಿಷಯ ಹೇಳುವುದೇನು? ಜನವರಿಯಲ್ಲಿ ಸಂಘದ ಪರವಾಗಿ ನಾವೂ ಲಾರಿಯಲ್ಲಿ ಹೊರಟೆವು. ಕಡೂರು, ಹೊಸದುರ್ಗ, ಹಿರಿಯೂರು, ಚಳ್ಳಕೆರೆ ಹಾದು ಬಳ್ಳಾರಿ, ಅಲ್ಲಿಂದ ಸಿರುಗುಪ್ಪ. ತುಂಗಭದ್ರೆಯ ಕಾಲುವೆ ನೀರು ಕಂಡ ನಾಡು. ಎತ್ತ ನೋಡಿದರೂ ಭತ್ತದ ಗದ್ದೆ, ರಸ್ತೆಯ ಅಂಚಿಗೆ ಅಕ್ಕಿ ಗಿರಣಿ. ಅರ್ಧ ಲೋಡು ಅಲ್ಲಿ ತುಂಬಿಸಿ, ರಾತ್ರಿಯಾದದ್ದರಿಂದ ರಸ್ತೆ ಬದಿಯಲ್ಲೇ ತಂಗಿದೆವು.

ಬೆಳಿಗ್ಗೆ ಐದೂವರೆಗೆ ಚಾಲಕ ಕೀ ತಿರುಗಿಸಿದ. ಅದೇ ನರಳಾಟ. ಕಾಲುವೆಯ ಮೇಲೆ ತೆಳ್ಳಗೆ ಮಂಜು ಇದ್ದದ್ದು ನಿಜ. ಆದರೆ ಮೈಮೇಲೊಂದು ಟವೆಲು ಹೊದ್ದರೆ ಸಾಕಾಗುವ ಚಳಿ. ನಮ್ಮ ಮಲೆನಾಡಿನ ಚಳಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಇಲ್ಲಿಯೂ ಸ್ಟಾರ್ಟಾಗದಿದ್ದರೆ ಚಳಿಯನ್ನು ಹೇಗೆ ದೂರುವುದು ಎಂಬ ಸಂಶಯ ನಮಗೆ ಮೊದಲ ಬಾರಿಗೆ ಬಂದದ್ದು ಆಗ. ಚಾಲಕ ಮಾತಾಡದೆ ಕೆಳಗಿಳಿದು, ಫೀಡ್ ಪಂಪಿನ ಮೇಲಿನ ಹ್ಯಾಂಡ್ ಪಂಪನ್ನು ಐವತ್ತು ಅರವತ್ತು ಸಲ ಒತ್ತಿದ. ಮೂರನೆಯ ಪ್ರಯತ್ನಕ್ಕೆ ಎಂಜಿನ್ ಬೆಳ್ಳಗಿನ ಹೊಗೆ ಕಕ್ಕಿ ಹತ್ತಿಕೊಂಡಿತು.

ಉಳಿದ ಅರ್ಧ ಲೋಡಿಗೆ ಕುರುಗೋಡಿಗೆ ಬಂದೆವು. ದೊಡ್ಡಬಸವೇಶ್ವರನ ಸನ್ನಿಧಿಗೆ ಕೈಮುಗಿದು, ಊರಾಚೆಯ ಕುರಿರೊಪ್ಪದಲ್ಲಿ ಗೊಬ್ಬರ ತುಂಬಿಸಲು ಎರಡು ತಾಸು ಹಿಡಿಯಿತು. ಅಷ್ಟು ಹೊತ್ತು ಎಂಜಿನ್ ನಿಲ್ಲಿಸಿದ್ದೆವು. ಹೊರಡುವಾಗ ಕೀ ತಿರುಗಿಸಿದ ಕೂಡಲೆ ಸ್ಟಾರ್ಟ್! "ನೋಡಿದೆಯಾ, ಬಿಸಿಲೇರಿದ ಮೇಲೆ ಸರಿಯಾಯಿತು" ಎಂದೆವು ನಾವು. ಚಾಲಕ ಉತ್ತರ ಕೊಡಲಿಲ್ಲ. ಸಂಬಳ ಮುರಿಸಿಕೊಂಡವನು ಉತ್ತರ ಕೊಡುವುದಾದರೂ ಹೇಗೆ?

ಬಿಸಿಲಿನಲ್ಲಿ ನಡೆದ ಪರೀಕ್ಷೆ

ಬಳ್ಳಾರಿಯಲ್ಲಿ ಲಾರಿ ಕೆಲಸ ಬಲ್ಲ ಮೇಸ್ತ್ರಿಗಳಿಗೆ ಬರವಿಲ್ಲ. ಅದಿರಿನ ಕಾಲದಲ್ಲಿ ಹಗಲು ರಾತ್ರಿ ಲಾರಿಗಳ ನಡುವೆಯೇ ಬೆಳೆದ ಕೈಗಳು ಅವು. ಚಾಲಕನಿಗೆ ಪರಿಚಯವಿದ್ದ ಒಬ್ಬ ಹಿರಿಯ ಮೇಸ್ತ್ರಿಯ ಬಳಿ ಮರುದಿನ ಬೆಳಿಗ್ಗೆ ಲಾರಿ ನಿಲ್ಲಿಸಿದೆವು. ನಾವು ಚಳಿಯ ಕಥೆಯನ್ನೆಲ್ಲ ಹೇಳಿದೆವು. ಒಂದೂವರೆ ಲಕ್ಷದ ಅಂದಾಜನ್ನೂ ತೋರಿಸಿದೆವು. ಅವರು ಬಾನೆಟ್ಟನ್ನೂ ಎತ್ತಲಿಲ್ಲ.

"ಸಾರ್, ಚಳಿ ಅಂತ ನೀವಂತೀರಿ. ನಾ ಹೌದು ಅನ್ನಲ್ಲ, ಇಲ್ಲಂತನೂ ಅನ್ನಲ್ಲ. ಗಾಡಿ ಇಲ್ಲೇ ಬಿಸಿಲಿಗೆ ಇರಲಿ. ಸಂಜಿ ಐದಕ್ಕ ಬರ್ರಿ, ನೋಡಣ. ಅಲ್ಲೀಮಟ ಯಾರೂ ಕೀ ಮುಟ್ಟಬ್ಯಾಡ್ರಿ" ಎಂದರು.

ಒಂಬತ್ತು ತಾಸು ಲಾರಿ ಬಳ್ಳಾರಿಯ ಬಿಸಿಲಿನಲ್ಲಿ ನಿಂತಿತು. ಸಂಜೆ ಐದಕ್ಕೆ ಬಾನೆಟ್ಟಿನ ತಗಡು ಮುಟ್ಟಿದರೆ ಇನ್ನೂ ಬೆಚ್ಚಗಿತ್ತು. ಚಾಲಕ ಕೀ ತಿರುಗಿಸಿದ. ಸೆಲ್ಫ್ ನಿಧಾನವಾಗಿ ತಿರುಗಿತು, ಎಂಜಿನ್ ಹತ್ತಲಿಲ್ಲ. ಬೆಳಗಿನ ಜಾವದ ಆಟವೇ ಸಂಜೆಯ ಬಿಸಿಲಿನಲ್ಲೂ ನಡೆಯಿತು.

"ಈಗ ಎಲ್ಲೈತ್ರಿ ಸಾರ್ ನಿಮ್ಮ ಚಳಿ?" ಎಂದು ಮೇಸ್ತ್ರಿ ನಕ್ಕರು. ಆಮೇಲೆ ಚಾಲಕನ ಕಡೆ ತಿರುಗಿ, "ನೀ ಏನಂತಿ ತಮ್ಮಾ? ದಿನಾ ಓಡಿಸೋನು ನೀನು" ಎಂದು ಕೇಳಿದರು. ಎರಡು ಹಂಗಾಮಿನಲ್ಲಿ ನಾವು ಒಮ್ಮೆಯೂ ಕೇಳದ ಪ್ರಶ್ನೆ ಅದು. ಲೈನು ಏರ್ ತೆಗೆದುಕೊಳ್ಳುತ್ತಿದೆ ಎಂದು ಚಾಲಕ ಮತ್ತೆ ಹೇಳಿದ. ಮೇಸ್ತ್ರಿ ತಲೆಯಾಡಿಸಿದರು.

ಫೀಡ್ ಪಂಪಿನಿಂದ ಫಿಲ್ಟರಿಗೆ ಹೋಗುವ ಕಡೆ ಒಂದು ಗೇಣು ಪಾರದರ್ಶಕ ಪ್ಲಾಸ್ಟಿಕ್ ನಳಿಗೆ ಸೇರಿಸಿ ಹ್ಯಾಂಡ್ ಪಂಪು ಒತ್ತಿದರು. ಡೀಸೆಲಿನ ಜೊತೆಗೆ ಗುಳ್ಳೆಗಳು ಸಾಲಾಗಿ ಬಂದವು. ಟ್ಯಾಂಕಿನಿಂದ ಬರುವ ಲೈನಿನ ಜೋಡಣೆಯಲ್ಲಿದ್ದ ತಾಮ್ರದ ವಾಷರುಗಳು ಚಪ್ಪಟೆಯಾಗಿದ್ದವು. ಫೀಡ್ ಪಂಪಿನೊಳಗಿನ ವಾಲ್ವು ಸರಿಯಾಗಿ ಕೂಡುತ್ತಿರಲಿಲ್ಲ. ಲಾರಿ ಏಳೆಂಟು ತಾಸು ನಿಂತರೆ ಡೀಸೆಲ್ ಮೆಲ್ಲನೆ ಟ್ಯಾಂಕಿಗೆ ಹಿಂದಕ್ಕಿಳಿದು ಆ ಜಾಗಕ್ಕೆ ಗಾಳಿ ಸೇರುತ್ತಿತ್ತು. ಎರಡು ತಾಸು ನಿಂತರೆ ಅಷ್ಟು ಇಳಿಯುತ್ತಿರಲಿಲ್ಲ. ಕುರುಗೋಡಿನಲ್ಲಿ ಕೂಡಲೆ ಸ್ಟಾರ್ಟಾದ ಗುಟ್ಟು ಇದು.

ಇನ್ನು ಸೆಲ್ಫಿನ ನರಳಾಟ. ವೋಲ್ಟ್ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೂ ಹಿಡಿದು ಸೆಲ್ಫ್ ಹೊಡೆಯಲು ಹೇಳಿದರು. ಅರ್ಧ ವೋಲ್ಟಿನ ಒಳಗಿರಬೇಕಾದ ಮುಳ್ಳು ಎರಡು ವೋಲ್ಟು ದಾಟಿತು. ಅರ್ಥಿಂಗ್ ಕೇಬಲ್ಲು ಚಾಸಿಗೆ ಸೇರುವ ಬೋಲ್ಟಿನಡಿ ತುಕ್ಕು, ಅದಿರಿನ ಕೆಂಪು ಧೂಳು, ಅದರ ಮೇಲೊಂದು ಬಣ್ಣದ ಲೇಪ. ಬ್ಯಾಟರಿಯಲ್ಲಿ ಶಕ್ತಿ ಇದ್ದರೂ ಸೆಲ್ಫಿಗೆ ತಲುಪುವ ದಾರಿ ಮುಚ್ಚಿತ್ತು.

ಹೊಸ ಕೇಬಲ್ಲು, ತಾಮ್ರದ ವಾಷರು, ಫೀಡ್ ಪಂಪಿನ ವಾಲ್ವು, ಒಂದು ಹೋಸು, ಮೇಸ್ತ್ರಿಯ ಕೂಲಿ, ಎಲ್ಲ ಸೇರಿ ಮೂರು ಸಾವಿರದ ಒಳಗೆ ಮುಗಿಯಿತು. ಊರಿಗೆ ಬಂದ ಮರುದಿನ ಬೆಳಿಗ್ಗೆ ಕಣದಲ್ಲಿ 12 ಡಿಗ್ರಿ. ಲಾರಿ ಎರಡನೆಯ ಸುತ್ತಿಗೇ ಹತ್ತಿತು. ಎಂಜಿನ್ ಬೋರು ಮಾಡಿಸುವ ಮಾತು ಅಲ್ಲಿಗೆ ನಿಂತಿತು.

ಹಾಗಾದರೆ ಚಳಿಯದೇನೂ ಪಾತ್ರವಿಲ್ಲವೆ?

ಇದೆ. ಅದನ್ನು ತಿಳಿಯಬೇಕಾದರೆ ಡೀಸೆಲ್ ಎಂಜಿನ್ ಉರಿಯುವ ಬಗೆಯನ್ನು ಸ್ವಲ್ಪ ನೋಡಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿರುವಂತೆ ಇದರಲ್ಲಿ ಕಿಡಿ ಕೊಡುವ ಪ್ಲಗ್ಗು ಇಲ್ಲ. ರುಡಾಲ್ಫ್ ಡೀಸೆಲ್ ಎಂಬ ಜರ್ಮನ್ ಎಂಜಿನಿಯರು 1897ರಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ ಎಂಜಿನ್ನಿನ ತತ್ತ್ವವೇ ಇಂದಿಗೂ ನಡೆದಿದೆ. ಸಿಲಿಂಡರಿನ ಗಾಳಿಯನ್ನು ಹದಿನಾರು ಹದಿನೆಂಟರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಒತ್ತಿದರೆ ಅದು ಐನೂರು ಡಿಗ್ರಿ ದಾಟಿ ಕಾಯುತ್ತದೆ. ಆ ಗಾಳಿಗೆ ಡೀಸೆಲನ್ನು ಸಣ್ಣ ಹನಿಯಾಗಿ ಸಿಂಪಡಿಸಿದರೆ ತಾನಾಗಿ ಹತ್ತಿಕೊಳ್ಳುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ನೆನೆಯಿರಿ, ಅದೇ ಸಂಗತಿ.

ಆದ್ದರಿಂದ ಸ್ಟಾರ್ಟಾಗಲು ಬೇಕಾದದ್ದು ಮೂರೇ: ಗಾಳಿ ಚೆನ್ನಾಗಿ ಒತ್ತಲ್ಪಡಬೇಕು, ಎಂಜಿನ್ ಬೇಗ ತಿರುಗಬೇಕು, ಡೀಸೆಲ್ ಸಮಯಕ್ಕೆ ಸರಿಯಾಗಿ ಬರಬೇಕು. ಚಳಿ ಈ ಮೂರನ್ನೂ ತುಸು ತುಸು ಕುಗ್ಗಿಸುತ್ತದೆ. ಆಯಿಲು ಗಟ್ಟಿಯಾಗಿ ಎಂಜಿನ್ ಭಾರವಾಗುತ್ತದೆ, ಬ್ಯಾಟರಿಯ ಬಲ ಇಳಿಯುತ್ತದೆ, ತಣ್ಣನೆಯ ಸಿಲಿಂಡರ್ ಗೋಡೆ ಕಾದ ಗಾಳಿಯ ಬಿಸಿಯನ್ನು ಹೀರುತ್ತದೆ. ನಿಧಾನವಾಗಿ ತಿರುಗಿದಷ್ಟೂ ಗಾಳಿ ಸೋರಿಹೋಗಲು, ಬಿಸಿ ಆರಲು ಹೆಚ್ಚು ಅವಕಾಶ.

ಆದರೆ ನಮ್ಮ ಹತ್ತು ಹನ್ನೆರಡು ಡಿಗ್ರಿಯ ಚಳಿ ನೆಟ್ಟಗಿರುವ ಎಂಜಿನ್ನಿಗೆ ಒಂದು ಲೆಕ್ಕವೇ ಅಲ್ಲ. ಲಡಾಖಿನಲ್ಲಿ ಡೀಸೆಲೇ ಹೆಪ್ಪುಗಟ್ಟುತ್ತಿದ್ದುದರಿಂದ ಇಂಡಿಯನ್ ಆಯಿಲ್ ಸಂಸ್ಥೆ 2019ರ ನವೆಂಬರಿನಲ್ಲಿ ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ವಿಶೇಷ ಡೀಸೆಲನ್ನು ಅಲ್ಲಿಗೆ ಒದಗಿಸತೊಡಗಿತು. ಅಲ್ಲಿ ಲಾರಿ ಓಡುತ್ತದೆಂದ ಮೇಲೆ ನಮ್ಮ ಚಳಿಯನ್ನು ದೂರುವುದು ಸಲ್ಲದು. ಚಳಿ ಹೊಸ ರೋಗ ತರುವುದಿಲ್ಲ. ಇದ್ದ ರೋಗವನ್ನು ಬಯಲಿಗಿಡುತ್ತದೆ. ಅಲ್ಲದೆ ಚಳಿ ಬರುವ ಹೊತ್ತಿಗೇ ಗಾಡಿ ಎಂಟು ಹತ್ತು ತಾಸು ನಿಂತಿರುತ್ತದೆ. ನಿಂತದ್ದರಿಂದ ಆದ ದೋಷವನ್ನು ಚಳಿಯ ತಲೆಗೆ ಕಟ್ಟುತ್ತೇವೆ.

ನೋಡಬೇಕಾದ ಕ್ರಮ

ಬಳ್ಳಾರಿಯ ಮೇಸ್ತ್ರಿ ಹೇಳಿದ್ದನ್ನೂ ಆಮೇಲೆ ನಾವು ವಿಚಾರಿಸಿ ತಿಳಿದದ್ದನ್ನೂ ಸೇರಿಸಿ ಸದಸ್ಯರ ಉಪಯೋಗಕ್ಕಾಗಿ ಕೆಳಗೆ ಕೊಟ್ಟಿದ್ದೇವೆ. ಸ್ಪ್ಯಾನರು ಕೈಗೆತ್ತಿಕೊಳ್ಳುವ ಮೊದಲು ಕಿವಿ, ಕಣ್ಣು, ಮೂಗುಗಳನ್ನು ಉಪಯೋಗಿಸಿರಿ.

ಒಂದು. ಕೀ ತಿರುಗಿಸಿದಾಗ ಬರಿಯ "ಟಕ್" ಸದ್ದು, ಅಥವಾ ಸೆಲ್ಫ್ ನಿಧಾನ. ದೋಷ ಬ್ಯಾಟರಿಯಲ್ಲಿ ಅಥವಾ ಅದರ ಜೋಡಣೆಗಳಲ್ಲಿ. ಮೊದಲು ಟರ್ಮಿನಲ್ಲುಗಳನ್ನು ಬಿಚ್ಚಿ, ಬಿಳಿ ಹಸಿರು ಪುಡಿಯನ್ನು ಬಿಸಿನೀರಿನಿಂದ ತೊಳೆದು, ಉಜ್ಜಿ, ಬಿಗಿದು, ಮೇಲೆ ವ್ಯಾಸಲಿನ್ ಸವರಿರಿ. ಬಿಚ್ಚುವಾಗ ಮೈನಸ್ ಮೊದಲು, ಕೂಡಿಸುವಾಗ ಮೈನಸ್ ಕೊನೆಗೆ. ಅರ್ಥಿಂಗ್ ಕೇಬಲ್ಲಿನ ಎರಡೂ ತುದಿಗಳನ್ನು ಬರಿ ಲೋಹ ಕಾಣುವವರೆಗೆ ಕೆರೆಯಿರಿ. ಪೂರ್ತಿ ಚಾರ್ಜಾದ ಬ್ಯಾಟರಿ ನಿಂತಾಗ 12.6 ವೋಲ್ಟಿನ ಆಸುಪಾಸು ತೋರಿಸಬೇಕು, 12.2ಕ್ಕೆ ಇಳಿದರೆ ಅರ್ಧ ಖಾಲಿಯಾಗಿದೆ ಎಂದರ್ಥ. ಸೆಲ್ಫ್ ಹೊಡೆಯುವಾಗ ಒಂದೊಂದು ಬ್ಯಾಟರಿಯೂ ಒಂಬತ್ತೂವರೆ ವೋಲ್ಟಿಗಿಂತ ಕೆಳಗೆ ಬೀಳಬಾರದು. ಲಾರಿಯಲ್ಲಿ ಎರಡು ಬ್ಯಾಟರಿ ಸಾಲಾಗಿರುವುದರಿಂದ ಒಂದು ಕೆಟ್ಟರೆ ಇನ್ನೊಂದನ್ನೂ ಎಳೆದು ಕೂರಿಸುತ್ತದೆ. ಒಂದೊಂದನ್ನೇ ಬೇರೆಯಾಗಿ ಅಳೆಯಿರಿ.

ಎರಡು. ಸೆಲ್ಫ್ ಚುರುಕಾಗಿ ತಿರುಗುತ್ತದೆ, ಆದರೆ ಸೈಲೆನ್ಸರಿನಿಂದ ಹೊಗೆಯೇ ಇಲ್ಲ. ಡೀಸೆಲ್ ಸಿಲಿಂಡರಿಗೆ ತಲುಪುತ್ತಿಲ್ಲ. ಟ್ಯಾಂಕಿನಲ್ಲಿ ಡೀಸೆಲ್ ಇದೆಯೆ, ಎಂಜಿನ್ ನಿಲ್ಲಿಸುವ ಸ್ಟಾಪ್ ಕೇಬಲ್ಲು ಅಥವಾ ಸೊಲೆನಾಯ್ಡು ಹಿಂದಕ್ಕೆ ಬಂದಿದೆಯೆ ನೋಡಿರಿ. ಆಮೇಲೆ ಫಿಲ್ಟರು, ಆಮೇಲೆ ಗಾಳಿ. ಹಳೆಯ ಯಾಂತ್ರಿಕ ಪಂಪಿನ ಗಾಡಿಯಲ್ಲಿ ಏರ್ ತೆಗೆಯುವ ಕ್ರಮ ಹೀಗೆ: ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರಿ ಡೀಸೆಲ್ ಬರುವವರೆಗೆ ಹ್ಯಾಂಡ್ ಪಂಪು ಒತ್ತಿ, ಸ್ಕ್ರೂ ಬಿಗಿಯಿರಿ, ಬಳಿಕ ದೊಡ್ಡ ಪಂಪಿನ ಸ್ಕ್ರೂವಿನಲ್ಲೂ ಹಾಗೆಯೇ ಮಾಡಿರಿ. ದಿನವೂ ಏರ್ ತೆಗೆಯಬೇಕಾಗಿ ಬಂದರೆ ಅದು ಚಿಕಿತ್ಸೆಯಲ್ಲ. ಗಾಳಿ ಎಲ್ಲಿಂದ ಸೇರುತ್ತದೆ ಎಂದು ಹುಡುಕಬೇಕು. ಡೀಸೆಲ್ ಹೊರಗೆ ತೊಟ್ಟಿಕ್ಕದಿದ್ದರೂ ಗಾಳಿ ಒಳಗೆ ಹೋಗಬಹುದು ಎಂಬುದನ್ನು ಮರೆಯದಿರಿ.

ಮೂರು. ಸೆಲ್ಫ್ ತಿರುಗುತ್ತದೆ, ಬಿಳಿ ಹೊಗೆಯೂ ಬರುತ್ತದೆ, ಹಸಿ ಡೀಸೆಲಿನ ಕಣ್ಣುರಿಸುವ ವಾಸನೆ ಇದೆ, ಆದರೂ ಹತ್ತುವುದಿಲ್ಲ. ಡೀಸೆಲ್ ತಲುಪಿದೆ, ಉರಿಯುತ್ತಿಲ್ಲ. ಸೆಲ್ಫಿನ ವೇಗ ಸಾಲದು, ಹೀಟರ್ ಪ್ಲಗ್ಗು ಕೆಟ್ಟಿದೆ, ನಾಜಲ್ ಹನಿಯಾಗಿ ಸಿಂಪಡಿಸದೆ ಸುರಿಯುತ್ತಿದೆ, ಅಥವಾ ನಿಜವಾಗಿಯೂ ಕಂಪ್ರೆಷನ್ ಸವೆದಿದೆ. ಎಂಜಿನ್ ಬೋರಿನ ಮಾತು ಬರಬೇಕಾದದ್ದು ಇಲ್ಲಿ, ಅದೂ ಕಂಪ್ರೆಷನ್ ಗೇಜು ಇಟ್ಟು ಅಳೆದ ಮೇಲೆ. ಸದ್ದು ಕೇಳಿ ಕೊಟ್ಟ ಅಂದಾಜಿಗೆ ಹಣ ಬಿಚ್ಚಬೇಡಿರಿ.

ನಾಲ್ಕು. ಹತ್ತುತ್ತದೆ, ಒಂದು ನಿಮಿಷ ಓಡಿ ಆರುತ್ತದೆ. ಫಿಲ್ಟರು ಕಟ್ಟಿದೆ, ನೀರು ಸೇರಿದೆ, ಇಲ್ಲವೆ ಟ್ಯಾಂಕಿಗೆ ಗಾಳಿ ಹೋಗುವ ಸಣ್ಣ ರಂಧ್ರ ಮುಚ್ಚಿದೆ. ಮಲೆನಾಡಿನಲ್ಲಿ ನೀರಿನ ತೊಂದರೆ ಹೆಚ್ಚು. ಅರ್ಧ ಖಾಲಿ ಟ್ಯಾಂಕಿನೊಳಗಿನ ತೇವದ ಗಾಳಿ ರಾತ್ರಿ ತಣಿದು ಹನಿಯಾಗಿ ತಳ ಸೇರುತ್ತದೆ. ಸಂಜೆಯೇ ಟ್ಯಾಂಕು ತುಂಬಿಸಿರಿ. ಫಿಲ್ಟರಿನಡಿಯ ನೀರನ್ನು ವಾರಕ್ಕೊಮ್ಮೆ ಬಿಡಿರಿ.

ಐದು. ಯಾವುದೂ ತಿಳಿಯದಿದ್ದರೆ ಬಳ್ಳಾರಿಯ ಪರೀಕ್ಷೆ ಮಾಡಿರಿ. ಒಂದು ಭಾನುವಾರ ಬೆಳಿಗ್ಗೆ ಗಾಡಿಯನ್ನು ಅರ್ಧ ತಾಸು ಓಡಿಸಿ ಬಿಸಿಲಿನಲ್ಲಿ ನಿಲ್ಲಿಸಿರಿ. ಸಂಜೆಯವರೆಗೆ ಮುಟ್ಟದಿರಿ. ಸಂಜೆಯೂ ಅದೇ ತೊಂದರೆ ಇದ್ದರೆ ಚಳಿಯನ್ನು ಬಿಟ್ಟು ಗಾಳಿ, ಬ್ಯಾಟರಿ, ಜೋಡಣೆಗಳನ್ನು ಹುಡುಕಿರಿ. ಸಂಜೆ ಸಲೀಸಾಗಿ ಹತ್ತಿ, ಬೆಳಿಗ್ಗೆ ಮಾತ್ರ ಹತ್ತದಿದ್ದರೆ ಹೀಟರ್ ಪ್ಲಗ್ಗು, ಆಯಿಲು, ಬ್ಯಾಟರಿಯ ವಯಸ್ಸು, ಕಂಪ್ರೆಷನ್ ಇವುಗಳ ಕಡೆ ಗಮನ ಕೊಡಿರಿ. ಖರ್ಚಿಲ್ಲದ ಪರೀಕ್ಷೆ.

ಆಯಿಲಿನ ಬಗ್ಗೆ ಒಂದು ಮಾತು. ಡಬ್ಬಿಯ ಮೇಲೆ 15 ಡಬ್ಲ್ಯೂ 40, 20 ಡಬ್ಲ್ಯೂ 40 ಎಂದು ಇರುತ್ತದೆ. ಡಬ್ಲ್ಯೂ ಚಳಿಗಾಲದ ಗುರುತು. ಅದರ ಹಿಂದಿನ ಅಂಕಿ ಕಡಿಮೆಯಾದಷ್ಟೂ ತಣ್ಣಗಿರುವಾಗ ಆಯಿಲು ತೆಳುವಾಗಿರುತ್ತದೆ. ಗಾಡಿಯ ಪುಸ್ತಕದಲ್ಲಿ ಹೇಳಿದ್ದನ್ನೇ ಹಾಕಿರಿ. ಉಳಿದುಹೋದ ಗಟ್ಟಿ ಆಯಿಲನ್ನು ಸುರಿಯಬೇಡಿರಿ.

ಡ್ರಮ್ಮಿನಲ್ಲಿ ಡೀಸೆಲ್ ಕೂಡಿಡುವ ಸದಸ್ಯರು ಇನ್ನೊಂದನ್ನು ತಿಳಿದಿರಬೇಕು. ಚಳಿಗೆ ಡೀಸೆಲಿನಲ್ಲಿ ಮೇಣ ಕಟ್ಟಿ ಫಿಲ್ಟರು ಮುಚ್ಚುವ ಉಷ್ಣತೆಗೆ ನಮ್ಮ ದೇಶದ ಮಾನಕವು ನವೆಂಬರಿನಿಂದ ಫೆಬ್ರವರಿಯವರೆಗೆ 6 ಡಿಗ್ರಿ, ಉಳಿದ ತಿಂಗಳಲ್ಲಿ 18 ಡಿಗ್ರಿ ಎಂಬ ಗರಿಷ್ಠ ಮಿತಿಯನ್ನಿಟ್ಟಿದೆ. ಬೇಸಿಗೆಯಲ್ಲಿ ತುಂಬಿಟ್ಟ ಡೀಸೆಲನ್ನು ಜನವರಿಯ ಬೆಳಿಗ್ಗೆ ಎಂಜಿನ್ನಿಗೆ ಹಾಕಿದರೆ ತೊಂದರೆಯಾಗಬಹುದು. ಹಳೆಯದನ್ನು ದೀಪಾವಳಿಯೊಳಗೆ ಮುಗಿಸಿ, ಚಳಿಗಾಲಕ್ಕೆ ಹೊಸದನ್ನು ತರುವುದು ಲೇಸು.

ಮಾಡಲೇಬಾರದ ಕೆಲಸಗಳು

ಗಾಳಿ ಬ್ರೇಕಿನ ಲಾರಿಯನ್ನು ಇಳಿಜಾರಿಗೆ ಬಿಡಬೇಡಿರಿ. ಎಂಜಿನ್ ಓಡದಿದ್ದರೆ ಗಾಳಿ ತುಂಬುವುದಿಲ್ಲ, ಪವರ್ ಸ್ಟಿಯರಿಂಗೂ ಗಟ್ಟಿಯಾಗುತ್ತದೆ. ನಮ್ಮ ಲೈನ್ ಮನೆಗಳ ಅಂಗಳವನ್ನು ನೆನೆದರೆ ಇಂದಿಗೂ ಮೈ ನಡುಗುತ್ತದೆ.

ಆಯಿಲ್ ಚೇಂಬರಿನ ಕೆಳಗೆ ಬೆಂಕಿ ಹಾಕುವುದು, ಏರ್ ಫಿಲ್ಟರಿನ ಬಾಯಿಗೆ ಉರಿಯುವ ಬಟ್ಟೆ ಹಿಡಿಯುವುದು ಬೇಡ. ಅಲ್ಲೇ ಡೀಸೆಲ್ ತೊಟ್ಟಿಕ್ಕುವ ಜೋಡಣೆಗಳು, ವೈರುಗಳು, ಬ್ರೇಕಿನ ನಳಿಗೆಗಳು ಇರುತ್ತವೆ. ಹಿಂದೆ ಹುಲ್ಲೋ ಒಣ ಗೊಬ್ಬರವೋ ತುಂಬಿರುತ್ತದೆ.

ಈಥರ್ ಸಿಂಪಡಿಸಬೇಡಿರಿ. ಹೀಟರ್ ಪ್ಲಗ್ಗಿನ ಎಂಜಿನ್ನಿನಲ್ಲಿ ಅದು ಸಿಡಿಯಬಹುದು. ಇಲ್ಲದ ಎಂಜಿನ್ನಿನಲ್ಲೂ ರಿಂಗು ಪಿಸ್ಟನ್ನುಗಳಿಗೆ ಪೆಟ್ಟು. ಡೀಸೆಲಿಗೆ ಸೀಮೆಎಣ್ಣೆ ಬೆರೆಸುವುದೂ ಬೇಡ, ಪಂಪಿಗೆ ಬೇಕಾದ ಜಿಡ್ಡು ಅದರಲ್ಲಿಲ್ಲ.

ಒಂದೇ ಸಮನೆ ಸೆಲ್ಫ್ ಹೊಡೆಯಬೇಡಿರಿ. ಹತ್ತು ಹದಿನೈದು ಸೆಕೆಂಡು ಹೊಡೆದು, ಒಂದು ನಿಮಿಷ ಬಿಡುವು ಕೊಡಿರಿ. ಮೂರು ಸಲಕ್ಕೆ ಹತ್ತದಿದ್ದರೆ ನಿಲ್ಲಿಸಿ ಕಾರಣ ಹುಡುಕಿರಿ.

ಪಕ್ಕದ ಗಾಡಿಯಿಂದ ಕರೆಂಟು ತೆಗೆದುಕೊಳ್ಳುವಾಗ ವೋಲ್ಟು ನೋಡಿರಿ. ಪಿಕಪ್ ಜೀಪುಗಳಲ್ಲಿ 12, ದೊಡ್ಡ ಲಾರಿಯಲ್ಲಿ 24. ಎರಡನ್ನೂ ಸೇರಿಸಿದರೆ ಸಣ್ಣ ಗಾಡಿಯ ಎಲೆಕ್ಟ್ರಾನಿಕ್ ಪೆಟ್ಟಿಗೆ ಸುಟ್ಟೀತು. ಕೊನೆಯ ಮೈನಸ್ ಕ್ಲಿಪ್ಪನ್ನು ಬ್ಯಾಟರಿಯಿಂದ ದೂರ, ಎಂಜಿನ್ನಿನ ಲೋಹಕ್ಕೆ ಹಾಕಿರಿ. ಬ್ಯಾಟರಿಯ ಮೇಲೆ ಹೊತ್ತಿಕೊಳ್ಳುವ ಅನಿಲ ಇರುತ್ತದೆ.

ಹೊಸ ಗಾಡಿ ಇರುವವರಿಗೆ ವಿಶೇಷ ಎಚ್ಚರಿಕೆ: 2020ರ ಏಪ್ರಿಲ್ 1ರಿಂದ ಬಂದ ಬಿ.ಎಸ್. 6 ವಾಹನಗಳಲ್ಲಿ ಡೀಸೆಲ್ ಲೈನಿನ ಒತ್ತಡ ಸಾವಿರ ಬಾರಿಗೂ ಮಿಕ್ಕಿರುತ್ತದೆ. ಎಂಜಿನ್ ತಿರುಗುವಾಗ ಅದರ ನಟ್ಟು ಸಡಿಲಿಸಿದರೆ ಡೀಸೆಲ್ ಚರ್ಮದೊಳಕ್ಕೇ ನುಗ್ಗುತ್ತದೆ. ಇಂಥ ಗಾಡಿಯಲ್ಲಿ ಬ್ಯಾಟರಿ, ಟರ್ಮಿನಲ್, ನೀರು ಬಿಡುವುದು ಇಷ್ಟು ಮಾತ್ರ ನಮ್ಮ ಕೆಲಸ. ಹೀಟರ್ ದೀಪವಿದ್ದರೆ ಅದು ಆರಿದ ಮೇಲೆಯೇ ಸೆಲ್ಫ್ ಹೊಡೆಯಿರಿ.

ಕೊನೆಯ ಮಾತು

ಬಳ್ಳಾರಿಯಿಂದ ಬಂದ ಮೇಲಿನ ಮೊದಲ ಸಭೆಯಲ್ಲಿ ಹಿಂದಿನ ನಡಾವಳಿಯ ಆ ಸಾಲನ್ನು ರದ್ದುಪಡಿಸಿ, ಇಳಿಜಾರಿಗೆ ಬಿಡಲು ಆಜ್ಞೆ ಮಾಡಿದವರು ಕಾರ್ಯದರ್ಶಿಗಳೇ ಎಂದು ಬರೆಯಿಸಿದೆವು. ಮುರಿದ ಸಂಬಳವನ್ನು ಹಿಂದಿರುಗಿಸಲಾಯಿತು. ಬಂಪರಿನ ಖರ್ಚನ್ನು ನಾವೇ ಭರಿಸಿದ್ದೇವೆ. ಚಾಲಕ ಏನೂ ಹೇಳಲಿಲ್ಲ. ಆದರೆ ಮಾರನೆಯ ವಾರ ಫೀಡ್ ಪಂಪು ಸ್ವಲ್ಪ ಒಸರುತ್ತಿದೆ ಎಂದು ತಾನಾಗಿ ಬಂದು ತಿಳಿಸಿದ. ನಮಗೆ ಅಷ್ಟೇ ಸಾಕು.

ಲಾರಿಯಲ್ಲಿ ಈಗ ಒಂದು ನೋಟುಪುಸ್ತಕ ಇಟ್ಟಿದ್ದೇವೆ. ಬೆಳಿಗ್ಗೆ ಎಷ್ಟನೆಯ ಸಲಕ್ಕೆ ಸ್ಟಾರ್ಟಾಯಿತು, ಹೊಗೆಯ ಬಣ್ಣವೇನು, ಹ್ಯಾಂಡ್ ಪಂಪು ಒತ್ತಬೇಕಾಯಿತೆ ಎಂದು ಚಾಲಕ ಬರೆಯುತ್ತಾನೆ. ಶನಿವಾರ ನಾವು ಓದಿ ಸಹಿ ಮಾಡುತ್ತೇವೆ. ಸದಸ್ಯರೂ ತಮ್ಮ ಗಾಡಿಗಳಲ್ಲಿ ಹೀಗೆ ಮಾಡಬೇಕೆಂದು ಕೋರುತ್ತೇವೆ. ಬ್ಯಾಟರಿ ನೋಡುವ ವೋಲ್ಟ್ ಮೀಟರು ಮತ್ತು ಹೈಡ್ರೋಮೀಟರು ಸಂಘದ ಕಚೇರಿಯಲ್ಲಿವೆ. ರುಜು ಹಾಕಿ ಎರಡು ದಿನಕ್ಕೆ ಒಯ್ಯಬಹುದು, ಬಾಡಿಗೆ ಇಲ್ಲ. ಕೊಯ್ಲು ಆರಂಭವಾಗುವ ಮೊದಲೇ ಒಯ್ದು ನೋಡಿದರೆ ಹಣ್ಣೂ ಉಳಿಯುತ್ತದೆ, ಹಣವೂ ಉಳಿಯುತ್ತದೆ.

ಇತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ